ಶಂಭುಲಿಂಗಪ್ಪನವರ ಹನ್ನೆರಡು ಪದಗಳು

ಬೆಂಗಳೂರಿನ ವಿಜಯನಗರದಲ್ಲಿ ನಾನು ಬಾಡಿಗೆಗಿರುವುದು ಶಂಭುಲಿಂಗಪ್ಪನವರ ಮಹಡಿ ಮನೆಯಲ್ಲಿ. ಕೆಳಗೆ ಅವರೂ ಅವರ ಹೆಂಡತಿ ಜಗದಾಂಬಾ ಆಂಟಿಯೂ ಇದ್ದಾರೆ. ನಮ್ಮ ಬೀದಿಯಲ್ಲಿ ಟೆಲಿಫೋನ್ ಶಂಭುಲಿಂಗಪ್ಪ ಎಂದರೇ ಅವರು ಗೊತ್ತಾಗುವುದು. ದಾವಣಗೆರೆ ಕಡೆಯವರು. ಹುಡುಗಪ್ರಾಯದಲ್ಲೇ ಟೆಲಿಫೋನ್ ಇಲಾಖೆ ಸೇರಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಟ್ರಂಕ್ ಕಾಲ್ ಜೋಡಿಸುತ್ತ ಕೆಲಸ ಶುರುಮಾಡಿದವರು, ನಿವೃತ್ತರಾದದ್ದು ರಾಜಾಜಿನಗರದ ಎಕ್ಸ್‌ಚೇಂಜಿನಲ್ಲಿ.

ನಾನು ಮನೆ ನೋಡಲು ಬಂದ ದಿನ ನನ್ನ ಮೊಬೈಲ್ ನಂಬರ್ ಕೇಳಿದರು. ಬರೆದುಕೊಳ್ಳುತ್ತಾರೆಂದು ನಾನು ಬಿಡಿಬಿಡಿಯಾಗಿ ಹೇಳತೊಡಗಿದರೆ, “ಸರಾಗವಾಗಿ ಹೇಳಮ್ಮ ಕುಸುಮಾ, ಪರವಾಗಿಲ್ಲ” ಎಂದರು. ಪೆನ್ನನ್ನು ಮುಟ್ಟಲೂ ಇಲ್ಲ. ಮರುದಿನ ಬೆಳಿಗ್ಗೆ ಅವರೇ ಫೋನ್ ಮಾಡಿ, ಮನೆ ನಿನಗೇ ಕೊಡುತ್ತೇವೆ ಎಂದು ತಿಳಿಸಿದರು. ಆಮೇಲೆ ಗೊತ್ತಾಯಿತು, ಅವರ ಮೊಬೈಲಿನಲ್ಲಿ ಒಬ್ಬರ ಹೆಸರನ್ನೂ ಸೇವ್ ಮಾಡಿಕೊಂಡಿರಲಿಲ್ಲ. ಮಗಳಿಗಾಗಲಿ ಗ್ಯಾಸಿನವರಿಗಾಗಲಿ ಮಾಡಬೇಕಾದರೆ ಬಾಯಿಪಾಠದಿಂದಲೇ ಒತ್ತುತ್ತಿದ್ದರು. ಅದರಲ್ಲಿ ಅವರಿಗೆ ಒಂದಿಷ್ಟು ಜಂಬವೂ ಇತ್ತು.

ಇಂಥವರು ನಿವೃತ್ತಿಯಾದ ಮೇಲೆ ಕ್ರಿಪ್ಟೋ ಎಂಬ ಡಿಜಿಟಲ್ ಹಣದ ಹಿಂದೆ ಬಿದ್ದರು ಎಂದರೆ ಜನ ನಗುತ್ತಾರೆ. ಲಾಭದ ಆಸೆ ಸ್ವಲ್ಪವೂ ಇರಲಿಲ್ಲ ಎಂದು ನಾನೇನೂ ಹೇಳುವುದಿಲ್ಲ. ಮೊಮ್ಮಗಳು ವಚನಾಳ ಹೆಸರಿನಲ್ಲಿ ಏನಾದರೂ ಇಡಬೇಕೆಂಬ ಆಸೆ ಖಂಡಿತ ಇತ್ತು. ಆದರೆ ಅವರನ್ನು ಹಿಡಿದು ಕೂರಿಸಿದ್ದು ಬೇರೆಯದು. ಒಂದು ಸಂಜೆ ಜಗಲಿಯ ಮೇಲೆ ಕೂತು ಅದನ್ನು ನನಗೆ ವಿವರಿಸಿದ್ದರು.

“ನಾನು ಜೀವನಪೂರ್ತಿ ಇಬ್ಬರ ಮಧ್ಯೆ ಕೂತಿದ್ದೋನು ಕಣಮ್ಮ. ಬೇಕು ಅಂದಿದ್ರೆ ಯಾರ ಮಾತು ಬೇಕಾದ್ರೂ ಕೇಳಿಸ್ಕೊಬೋದಿತ್ತು. ಕೇಳಿಸ್ಕೊತಿರ್ಲಿಲ್ಲ, ಅದು ಬೇರೆ ಮಾತು. ಇದರಲ್ಲಿ ಮಧ್ಯೆ ಆಪರೇಟರೇ ಇಲ್ಲ. ಎನ್‌ಕ್ರಿಪ್ಷನ್ ಅಂತಾರಲ್ಲ, ಅದರಲ್ಲಿ ಕದ್ದು ಕೇಳೋನಿಗೆ ಬರೀ ಗೊರಗೊರ ಸದ್ದು. ಬೀಗದ ಕೈ ಇರೋನಿಗೆ ಮಾತ್ರ ಅದು ಮಾತಾಗಿ ಕೇಳ್ಸುತ್ತೆ.”

ಅವರ ಹಣದ ಬೀಗದ ಕೈ ಪೆನ್‌ಡ್ರೈವ್‌ನಂಥ ಒಂದು ಪುಟ್ಟ ಯಂತ್ರದಲ್ಲಿತ್ತು. ಅದಕ್ಕೊಂದು ಪಿನ್. ಮೂರು ಸಲ ತಪ್ಪು ಪಿನ್ ಒತ್ತಿದರೆ ಯಂತ್ರ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಆಗಲೂ ಹೆದರಬೇಕಾಗಿಲ್ಲ, ಶುರುವಿನಲ್ಲಿ ಅದು ಕೊಟ್ಟ ಹನ್ನೆರಡು ಇಂಗ್ಲಿಷ್ ಪದಗಳನ್ನು ಅದೇ ಕ್ರಮದಲ್ಲಿ ಕೊಟ್ಟರೆ ಎಲ್ಲವೂ ಮರಳಿ ಬರುತ್ತದೆ. ಆ ಪದಗಳು ಬೇರೆಯವರ ಕೈಗೆ ಸಿಕ್ಕರೆ ಹಣ ತೆಗೆಯುವುದು ಅವರಿಗೂ ಅಷ್ಟೇ ಸಲೀಸು. ಶಂಭುಲಿಂಗಪ್ಪನವರು ಪದಗಳನ್ನು ಬಾಯಿಪಾಠ ಮಾಡಿಕೊಂಡು, ಬರೆದ ಚೀಟಿಯನ್ನು ಅಡುಗೆಮನೆಯ ಸ್ಟೌವಿನ ಮೇಲೆ ಸುಟ್ಟುಹಾಕಿದರು. ಜಗದಾಂಬಾ ಆಂಟಿ ಹಾಲು ಕಾಯಿಸಲು ಬಂದವರು ನೋಡಿ, “ನನಗೂ ಹೇಳ್ಕೊಡ್ರಿ, ಒಬ್ಬರಿಗೆ ಮಾತ್ರ ಗೊತ್ತಿದ್ರೆ ಹೆಂಗೆ” ಎಂದರೆ, “ನಿನಗ್ಯಾಕೆ ಆ ತಲೆನೋವು, ನನ್ನ ತಲೇಲಿದೆಯಲ್ಲ” ಎಂದರಂತೆ.

ಹೋದ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ, ಒಂದು ಬೆಳಿಗ್ಗೆ ಅವರ ಕೈಯಿಂದ ಕಾಫಿ ಲೋಟ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವರಿಗೆ ಬಲಗೈ ಮಾತು ಕೇಳಲಿಲ್ಲ. ಆಂಟಿ ಕೂಗಿದ್ದು ಕೇಳಿ ನಾನು ಇಳಿದು ಬಂದೆ. ಅವರು ಗೋಡೆಗೊರಗಿ ಕೂತು ನನಗೆ ಏನೋ ಹೇಳಲು ನೋಡುತ್ತಿದ್ದರು, ಬಾಯಲ್ಲಿ ಬಂದದ್ದು “ಬಾಗಿಲು, ಬಾಗಿಲು” ಎಂಬುದೊಂದೇ. ಬಾಗಿಲು ತೆರೆದೇ ಇತ್ತು.

ಪಾರ್ಶ್ವವಾಯು ಎಂದರು ಆಸ್ಪತ್ರೆಯಲ್ಲಿ. ಬೇಗ ಕರೆದುಕೊಂಡು ಹೋದದ್ದರಿಂದ ಜೀವಕ್ಕೆ ಅಪಾಯವಾಗಲಿಲ್ಲ. ಕಾಲು ಬೇಗ ಸುಧಾರಿಸಿತು, ಬಲಗೈ ಅರ್ಧಂಬರ್ಧ. ಮಾತು ಮಾತ್ರ ಹೋಯಿತು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು, ಅವರು ಹೇಳಬೇಕೆಂದಿದ್ದು ಹೊರಗೆ ಬರುತ್ತಿರಲಿಲ್ಲ. ನೀರು ಬೇಕಾದರೆ ಬಾಗಿಲು ಎನ್ನುವರು, ದೀಪ ಆರಿಸಬೇಕಾದರೂ ಬಾಗಿಲು ಎನ್ನುವರು. ತಪ್ಪು ಪದ ಬಂತೆಂದು ಅವರಿಗೇ ತಿಳಿಯುತ್ತಿತ್ತು. ಆಗ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು. ಇನ್ನೊಂದು ತಿಂಗಳಲ್ಲಿ ಆ ಪ್ರಯತ್ನವನ್ನೂ ಬಿಟ್ಟರು.

ಮನೆಗೆ ಬಂದ ಮೇಲೆ ಆಗಾಗ ಎಡಗೈಯಲ್ಲಿ ಬೀರುವಿನ ಕಡೆ ತೋರಿಸತೊಡಗಿದರು. ಉಲ್ಲಾಳದಲ್ಲಿರುವ ಮಗಳು ಸೌಮ್ಯಶ್ರೀ ಬಂದಿದ್ದಾಗ ಬೀರು ತೆಗೆದು ಒಂದೊಂದೇ ವಸ್ತು ಎತ್ತಿ ತೋರಿಸಿದಳು. ಆ ಪುಟ್ಟ ಯಂತ್ರ ಕಂಡಾಗ ಹೌದೆಂದು ತಲೆಯಾಡಿಸಿದರು. ಅದನ್ನು ಅವರ ಮುಂದಿಟ್ಟಳು. ಎಡಗೈ ಬೆರಳಿನಿಂದ ಪಿನ್ ಒತ್ತಿದರು. ತಪ್ಪಾಯಿತು. ಇನ್ನೊಮ್ಮೆ ಒತ್ತಿದರು.

“ಅಪ್ಪಾಜಿ, ಸಾಕು ಬಿಡಿ, ಆಮೇಲೆ ನೋಡೋಣ,” ಎಂದಳು ಸೌಮ್ಯಶ್ರೀ.

ಅವರು ಕೇಳಲಿಲ್ಲ. ಮೂರನೆಯ ಸಲವೂ ಒತ್ತಿದರು. ಯಂತ್ರ ತನ್ನನ್ನು ಅಳಿಸಿಕೊಂಡಿತು. ಇಡೀ ರಾಜಾಜಿನಗರದ ನಂಬರುಗಳನ್ನು ತಲೆಯಲ್ಲಿಟ್ಟುಕೊಂಡಿದ್ದವರು, ತಮ್ಮದೇ ನಂಬರ್ ಸಿಗದೆ ಮಗುವಿನ ಹಾಗೆ ಅತ್ತುಬಿಟ್ಟರು. ಆಂಟಿ ಆ ಯಂತ್ರವನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಬೀರುವಿನಲ್ಲಿಟ್ಟರು.

“ಹೋದ್ರೆ ಹೋಗ್ಲಿ ಬಿಡ್ರಿ. ಅದಿಲ್ದೇನೇ ಮಗಳ ಮದುವೆ ಮಾಡಿದ್ವಿ, ಮನೆ ಕಟ್ಟಿದ್ವಿ. ನೀವು ನಾಲ್ಕು ಮಾತಾಡಿದ್ರೆ ನನಗೆ ಅಷ್ಟೇ ಸಾಕು.”

ಬಸವೇಶ್ವರನಗರದಲ್ಲಿ ಮಾತಿನ ಚಿಕಿತ್ಸೆ ಕೊಡುವ ಮಧ್ವೇಶ್ ಎಂಬುವರಿದ್ದಾರೆಂದು ಯಾರೋ ಹೇಳಿದರು. ವಾರಕ್ಕೆರಡು ಸಲ ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದೆವು. ಮೊದಮೊದಲು ಚಿತ್ರಗಳನ್ನು ತೋರಿಸಿ ಹೆಸರು ಕೇಳಿದರು. ಶಂಭುಲಿಂಗಪ್ಪನವರು ಬಾಯಿ ಬಿಡಲಿಲ್ಲ. ಒಂದು ದಿನ ಮಧ್ವೇಶ್ ಆಂಟಿಯನ್ನು ಕೇಳಿದರು, “ಇವರು ಹಾಡ್ತಿದ್ರಾ ಅಮ್ಮ? ಮಾತು ಮಿದುಳಿನ ಎಡಗಡೆಯದು, ಅದಕ್ಕೆ ಪೆಟ್ಟು ಬಿದ್ದಿದೆ. ಹಾಡು ಬಲಗಡೆಯಿಂದ ಬರೋದೂ ಉಂಟು.”

“ಸಂಗೀತಗಾರರೇನಲ್ಲ. ಬೆಳಿಗ್ಗೆ ಲಿಂಗಪೂಜೆ ಹೊತ್ತಲ್ಲಿ ವಚನ ಹೇಳ್ತಿದ್ರು.”

ಆಂಟಿ ನಾಚಿಕೊಂಡು, ಗಂಡನ ರಾಗವನ್ನು ಸಣ್ಣದಾಗಿ ಎತ್ತಿಕೊಟ್ಟರು. ಮಧ್ವೇಶ್ ಶಂಭುಲಿಂಗಪ್ಪನವರ ಎಡಗೈ ಹಿಡಿದು ಮೇಜಿನ ಮೇಲೆ ತಾಳ ಹಾಕಿಸಿದರು. ಅವರ ತುಟಿ ಅಲುಗಿತು. ಮೊದಲು ಬರೀ ಗುಂಯ್ ಎಂಬ ನಾದ. ಆಮೇಲೆ ವಚನದ ಮೊದಲ ಸಾಲು, ಇಡಿಯಾಗಿ, ಒಂದಕ್ಷರವೂ ತಪ್ಪದೆ ಹೊರಗೆ ಬಂತು. ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೂ ಕಣ್ಣು ತುಂಬಿತು.

ಮುಂದಿನ ವಾರ ಅದೇ ರಾಗದಲ್ಲಿ ಬೇರೆ ಏನೋ ಬಂತು. “ಮ್ಯಾಂಗೋ... ಲ್ಯಾಡರ್... ಅಂಬ್ರೆಲಾ...” ಎಂದು ಎಳೆದೆಳೆದು ಹಾಡಿದರು.

ಮಧ್ವೇಶ್ ಸಮಾಧಾನ ಹೇಳಿದರು. “ಗಾಬರಿಯಾಗ್ಬೇಡಿ. ಪದಗಳು ಕಲಸಿಹೋಗಿರ್ತವೆ, ಸಿಕ್ಕಿದ್ದು ಬರುತ್ತೆ. ಬರ್ತಾ ಇದೆಯಲ್ಲ, ಅದೇ ಒಳ್ಳೇದು.”

ನಾವೂ ಹಾಗೇ ಅಂದುಕೊಂಡೆವು. ಮಾತು ಸಿಕ್ಕಿದ ಖುಷಿಯಲ್ಲಿ ಅವರು ಅದನ್ನು ದಿನವಿಡೀ ಹಾಡುತ್ತಿದ್ದರು. ಜಗಲಿಯಲ್ಲಿ, ಪಾರ್ಕಿನಲ್ಲಿ, ಚಿಕಿತ್ಸೆಗೆ ಕಾಯುವ ಬೆಂಚಿನ ಮೇಲೆ. ಮಹಡಿಯಲ್ಲಿ ನಾನು ಪಾತ್ರೆ ತೊಳೆಯುವಾಗಲೂ ಕೇಳಿಸುತ್ತಿತ್ತು. ಬೀದಿ ಕೊನೆಯ ಇಸ್ತ್ರಿ ಗಾಡಿಯ ದ್ಯಾಮಪ್ಪ ಒಮ್ಮೆ ನನ್ನ ಸೀರೆ ಮಡಚುತ್ತ “ಮ್ಯಾಂಗೋ ಲ್ಯಾಡರ್” ಎಂದು ಗುನುಗುತ್ತಿದ್ದ.

ಆಂಟಿ ಮಾತ್ರ ಕಿವಿಗೊಟ್ಟು ಕೇಳುತ್ತಿದ್ದರು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಾಗ ಅವರಿಗೆ ಹೊಳೆಯಿತು, ಕಲಸಿಹೋದ ಪದಗಳಾದರೆ ದಿನಕ್ಕೊಂದು ರೀತಿ ಬರಬೇಕು. ಇವು ಪ್ರತಿ ಸಲವೂ ಒಂದೇ ಸಾಲಿನಲ್ಲಿ ಬರುತ್ತಿವೆ, ಒಂದೇ ಕಡೆ ನಿಲ್ಲುತ್ತಿವೆ. ಮಗಳಿಗೆ ಫೋನ್ ಮಾಡಿದರು. ನಾನು ಅಲ್ಲೇ ಸೊಪ್ಪು ಬಿಡಿಸುತ್ತಿದ್ದೆ.

“ನಿಮ್ಮಪ್ಪ ಒಂದೇ ಇಂಗ್ಲಿಷ್ ಹಾಡು ಹೇಳ್ತಾರೆ ಕಣೇ. ಪೂಜೆ ರಾಗದಲ್ಲಿ. ಮ್ಯಾಂಗೋ, ಲ್ಯಾಡರ್, ಅಂಬ್ರೆಲಾ, ಟೈಗರ್...”

ಆ ಕಡೆಯಿಂದ ಮಗಳು ನಡುವೆಯೇ ತಡೆದಳು. “ಅಮ್ಮ, ಮುಂದೆ ಹೇಳ್ಬೇಡ. ಇಡು ಫೋನ್. ನಾನೇ ಬರ್ತೀನಿ,” ಎಂದಳು ಸೌಮ್ಯಶ್ರೀ.

ಬಂದವಳು ಅಪ್ಪನ ಪಕ್ಕದಲ್ಲಿ ಕೂತಳು. “ಅಪ್ಪಾಜಿ, ನೀವು ಹಾಡ್ತಿರೋದು ಆ ಹನ್ನೆರಡು ಪದಾನಾ?” ಎಂದು ಕೇಳಿದಳು. ಶಂಭುಲಿಂಗಪ್ಪನವರು ಅವಳನ್ನೇ ನೋಡಿದರು. ಆಮೇಲೆ ಜೋರಾಗಿ ನಕ್ಕರು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಯಾರಿಗೂ ಕೇಳಿಸದಂತೆ ಮನಸ್ಸಿನಲ್ಲೇ ಹೇಳಿಕೊಂಡು ನೆನಪಿಡಲು ಅವರು ಆ ಪದಗಳನ್ನು ಪೂಜೆಯ ರಾಗಕ್ಕೆ ಕೂರಿಸಿಕೊಂಡಿದ್ದರು. ಬೇರೆ ಮಾತೆಲ್ಲ ಸಿಕ್ಕಿಹಾಕಿಕೊಂಡಿದ್ದಾಗ, ಯಾರಿಗೂ ಹೇಳಬಾರದೆಂದಿದ್ದ ಆ ಹನ್ನೆರಡು ಪದಗಳೇ ರಾಗದ ಜೊತೆ ಸಲೀಸಾಗಿ ಹೊರಗೆ ಬಂದಿದ್ದವು.

ಅವರು ಹಾಡಿದಂತೆ ಸೌಮ್ಯಶ್ರೀ ಯಂತ್ರಕ್ಕೆ ಒಂದೊಂದೇ ಪದ ಕೊಟ್ಟಳು. ಯಂತ್ರ ಒಪ್ಪಲಿಲ್ಲ, ಎಲ್ಲೋ ಒಂದು ತಪ್ಪಿದೆ ಎಂದಿತು. ಒಂಬತ್ತನೆಯ ಪದ ಅವರ ನಾಲಿಗೆಯಲ್ಲಿ ಸ್ಪಷ್ಟವಾಗುತ್ತಿರಲಿಲ್ಲ. ಅವಳು ಅದನ್ನು “ರೈಡ್” ಎಂದುಕೊಂಡಿದ್ದಳು.

“ರೈಡ್ ಅಲ್ವಾ ಅಪ್ಪಾಜಿ? ಮತ್ತೇನು, ರಿಚ್?”

ಎರಡಕ್ಕೂ ಅಲ್ಲವೆಂದು ತಲೆಯಲ್ಲಾಡಿಸಿದರು. ಮತ್ತೆ ಹಾಡಿದರು, ಮತ್ತೆ ಅದೇ ತೊದಲು. ಸಿಟ್ಟು ಬಂತು. ಎದ್ದು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದರು. ನಾವು ಮೂವರೂ ಹಿಂದೆ ಹೋದೆವು. ಕುಕ್ಕರಿನ ಮೇಲೆ ಎಡಗೈ ಇಟ್ಟು ನಮ್ಮನ್ನು ನೋಡಿದರು.

“ಅನ್ನ,” ಎಂದರು ಆಂಟಿ. “ಅನ್ನ ಬೇಕೇನ್ರಿ?”

“ರೈಸ್ ಅಮ್ಮ,” ಎಂದಳು ಸೌಮ್ಯಶ್ರೀ. “ರೈಸ್.”

ಹಾಗೆ ಯಂತ್ರಕ್ಕೆ ಜೀವ ಬಂತು. ಆದರೆ ಖುಷಿಯ ಜೊತೆಗೇ ಸೌಮ್ಯಶ್ರೀಗೆ ಚಿಂತೆಯೂ ಹತ್ತಿತು. ನನ್ನನ್ನು ಕೇಳಿದಳು, “ಕುಸುಮಕ್ಕ, ಇದು ನಿಮಗೂ ಕೇಳ್ಸಿತ್ತಾ?”

“ನನಗಷ್ಟೇ ಅಲ್ಲ ಕಣೇ, ದ್ಯಾಮಪ್ಪನಿಗೇ ಅರ್ಧ ಬಾಯಿಪಾಠ ಬಂದಿದೆ.”

ಇನ್ನು ಆ ಪದಗಳನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ಹಾಡುವುದನ್ನು ನಿಲ್ಲಿಸಿ ಎನ್ನಲೂ ಮನಸ್ಸು ಬಾರದು, ಅವರಿಗಿದ್ದ ಮಾತು ಅದೊಂದೇ. ಹೊಸ ವಾಲೆಟ್, ಅಂದರೆ ಆ ಹಣಕ್ಕೆ ಇನ್ನೊಂದು ಖಾತೆ ಮಾಡಿ ಎಲ್ಲವನ್ನೂ ಅದಕ್ಕೆ ವರ್ಗಾಯಿಸಬೇಕು, ಅದಕ್ಕೆ ಹೊಸ ಪದಗಳು ಬರುತ್ತವೆ ಎಂದು ಸೌಮ್ಯಶ್ರೀ ಅಪ್ಪನಿಗೆ ನಿಧಾನವಾಗಿ ತಿಳಿಸಿದಳು. “ನೀವು ಹೂಂ ಅಂದ್ರೆ ಮಾತ್ರ ಅಪ್ಪಾಜಿ.”

ಅವರು ಹಳೆಯ ಯಂತ್ರವನ್ನು ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದರು. ಇಷ್ಟು ವರ್ಷ ಒಬ್ಬರೇ ಕಾಪಾಡಿದ್ದು. ಕೊನೆಗೆ ಅದನ್ನು ಮಗಳ ಕೈಗಲ್ಲ, ಆಂಟಿಯ ಕೈಗೆ ಕೊಟ್ಟರು.

ಅದೇ ವಾರ ಇನ್ನೊಂದು ಯಂತ್ರ ಬಂತು. ಅದು ಹೊಸ ಪದಗಳನ್ನು ತೋರಿಸುವ ಹೊತ್ತಿಗೆ ನಾನು ಎದ್ದು ಹೊರಗೆ ಹೊರಟೆ. ಶಂಭುಲಿಂಗಪ್ಪನವರು ಎಡಗೈಯಿಂದ ತಮ್ಮ ಎಡಗಿವಿ ಮುಚ್ಚಿಕೊಂಡರು. ಈ ಪದಗಳು ತಮ್ಮ ಬಾಯಿಗೆ ಸಿಗಬಾರದೆಂದು ಅವರೇ ತೀರ್ಮಾನಿಸಿದ್ದರು. ಬಲಗಿವಿಗೆ ಕೈ ಏಳಲಿಲ್ಲ. ಆಂಟಿ ಪಕ್ಕದಲ್ಲಿ ಕೂತು ತಮ್ಮ ಅಂಗೈಯಿಂದ ಆ ಕಿವಿ ಮುಚ್ಚಿದರು. ಸೌಮ್ಯಶ್ರೀ ಅಮ್ಮನಿಗೆ ಪಿಸುಮಾತಿನಲ್ಲಿ ಓದಿ ಹೇಳುತ್ತಿದ್ದಂತೆ ನಾನು ಬಾಗಿಲೆಳೆದುಕೊಂಡೆ. ವರ್ಗಾವಣೆಯ ಕೊನೆಯ ಬಟನ್ನನ್ನು ಮಾತ್ರ ಅವರೇ ಒತ್ತಿದರಂತೆ. ಹೊಸ ಪದಗಳನ್ನು ಎಲ್ಲಿಟ್ಟಿದ್ದಾರೆಂದು ನಾನು ಕೇಳಿಲ್ಲ.

ಹಳೆಯ ಹನ್ನೆರಡು ಪದಗಳಿಂದ ಈಗ ಏನೂ ತೆರೆಯುವುದಿಲ್ಲ. ಅವರು ಅವನ್ನು ಗಂಟಲು ಬಿಟ್ಟು ಹಾಡಿದರೂ ಯಾರ ತಕರಾರೂ ಇಲ್ಲ. ಸಂಗತಿ ತಿಳಿದ ಮಧ್ವೇಶ್, ತಾವು ಅದನ್ನು ಕಲಸಿಹೋದ ಮಾತು ಎಂದದ್ದಕ್ಕೆ ಆಂಟಿಯ ಹತ್ತಿರ ಕ್ಷಮೆ ಕೇಳಿ, ಆ ಹಾಡನ್ನೇ ಪಾಠ ಮಾಡಿಕೊಂಡರು. ಅದೇ ರಾಗ, ಅದೇ ತಾಳ, ಇಂಗ್ಲಿಷ್ ಪದ ತೆಗೆದು ಆ ಜಾಗಕ್ಕೆ “ನೀರು ಕೊಡು” ಎಂದು ಕೂರಿಸುವುದು. ಅದು ಬಂದ ಮೇಲೆ ರಾಗವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಮಾತಿಗೆ ತರುವುದು. ತಿಂಗಳುಗಟ್ಟಲೆ ನಡೆಯಿತು. ಮೊದಲು “ಕಾಫಿ” ಬಂತು, ಆಮೇಲೆ “ಸಾಕು”, ಆಮೇಲೆ “ಜಗದಾ”. ಆ ದಿನ ಆಂಟಿ ಕೆಲಸವಿಲ್ಲದಿದ್ದರೂ ಮಹಡಿ ಹತ್ತಿ ಬಂದು, ನನ್ನ ಅಡುಗೆಮನೆಯಲ್ಲಿ ನಿಂತು, ಹವಾಮಾನದ ವಿಷಯ ಮಾತಾಡಿ ಹೋದರು. ಗಂಡನ ಬಾಯಲ್ಲಿ ಅವರ ಹೆಸರು ಬಂದದ್ದು ನನಗೆ ತಿಳಿದದ್ದು ಸಂಜೆ, ಸೌಮ್ಯಶ್ರೀ ಫೋನ್ ಮಾಡಿದಾಗ.

ಮೊನ್ನೆ ನಾವು ಮೂವರೂ ಮಾರ್ಕೆಟ್ಟಿಗೆ ಹೋಗಿದ್ದೆವು. ಅವರೆಕಾಯಿಯ ಕಾಲ. ರಾಶಿಯ ಮುಂದೆ ನಿಂತು ಶಂಭುಲಿಂಗಪ್ಪನವರು ಒಂದು ಕಾಯಿ ಮೂಸಿ ನೋಡಿದರು.

“ಏನ್ ಕೊಡ್ಲಿ ಸಾರ್?” ಎಂದಳು ಮಾರುವವಳು.

“ಅ... ಅವ...” ಎಂದು ನಿಂತರು. ಹಿಂದಿದ್ದವರು ಮುಂದೆ ಕೈ ಚಾಚುತ್ತಿದ್ದರು. ಮಾರುವವಳು ಆಂಟಿಯ ಕಡೆ ತಿರುಗಿ, “ಎಷ್ಟಮ್ಮ?” ಎಂದಳು.

“ಅವರನ್ನೇ ಕೇಳಮ್ಮ,” ಎಂದರು ಆಂಟಿ. ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು, ತಮಗೆ ಯಾವ ಅವಸರವೂ ಇಲ್ಲವೆಂಬಂತೆ ರಸ್ತೆಯಲ್ಲಿ ಹೋಗುವ ಬಸ್ಸುಗಳನ್ನು ನೋಡುತ್ತ ನಿಂತರು.

“ಅವರೆಕಾಯಿ,” ಎಂದರು ಶಂಭುಲಿಂಗಪ್ಪನವರು. “ಎರಡು ಕೆ.ಜಿ. ಸೊಗಡು... ಇರೋದು.”