ಜಾಲಿ ಕೋಲಿನ ಹಾಕಿ

ಕೆಲಸ ಮುಗಿಸಿ ಸುಸ್ತಾಗಿ ಬಂದರೆ ಮನೆಯಲ್ಲಿ ಮಗಳ ಹೊಸ ಹಾಕಿ ಸ್ಟಿಕ್ಕಿನ ವಾರ್ನಿಷ್ ವಾಸನೆ. ನಾವು ಆಡುತ್ತಿದ್ದ ಕೋಲುಗಳಿಗೆ ಹಸಿ ಜಾಲಿಯ ವಾಸನೆಯಿತ್ತು. ಮೂಡಲಗಿಯ ಶಾಲೆಯಲ್ಲಿ ಪಿ.ಟಿ. ಮಾಸ್ತರರೇ ಬಾಗಿದ ಕೊಂಬೆ ಕಡಿದು, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿ ಕೊಡುತ್ತಿದ್ದರು. ಎರಡೂ ಬದಿ ಗುಂಡಗಿದ್ದ ಆ ಕೋಲಿನಿಂದ ಹೇಗೆ ಬೇಕಾದರೂ ಹೊಡೆಯುತ್ತಿದ್ದೆವು.

ಹುಕ್ಕೇರಿಯ ಪಂದ್ಯದಲ್ಲಿ ನಿಜವಾದ ಸ್ಟಿಕ್ ಕೊಟ್ಟರು. ಅದರ ಚಪ್ಪಟೆ ಬದಿಯಿಂದಷ್ಟೇ ಹೊಡೆಯಬೇಕೆಂದು ನಮಗೆ ಗೊತ್ತಿರಲಿಲ್ಲ. ಗುಂಡು ಬದಿ ಚೆಂಡಿಗೆ ತಗುಲಿದಾಗೆಲ್ಲ ಅಂಪೈರ್ ಸೀಟಿ ಊದಿದರು. ಸೋತೆವು.

ವಾಪಸು ಬರುವಾಗ ಬಸ್ಸಿನಲ್ಲಿ ಸಿಟ್ಟಿನಿಂದ ಕೇಳಿದೆ: “ಮೊದಲ ಯಾಕ್ ಹೇಳಲಿಲ್ರಿ ಸರ್?”

ಮಾಸ್ತರರು ದಣಿದ ಮುಖ ಒರೆಸಿಕೊಂಡರು. “ಖರೇ ಸ್ಟಿಕ್ ನಾನೂ ನೋಡಿದ್ದು ಇವತ್ತ ಮೊದಲ, ತಂಗಿ.”

“ಇದನ್ನ ಹೆಂಗ ಹಿಡೀಬೇಕವ್ವಾ?” ಈಗ ಮಗಳು ಕೇಳಿದಳು. ಚಪ್ಪಟೆ ಬದಿ ಮುಂದೆ ಮಾಡಿ ಕೈಗಿತ್ತೆ. ನನಗೆ ಗೊತ್ತಿರುವ ಹಾಕಿ ಅಷ್ಟೇ.