ನಡುಗಡ್ಡೆಯ ಲಾಟ್‌ಸಾಹೇಬ

ಮೂರು ದಿನ ನಾನು ಒಂದು ನಡುಗಡ್ಡೆಯನ್ನು ಆಳಿದ್ದೇನೆ. ನಂಬದವರಿಗೆ ತೋರಿಸೋಣವೆಂದು ನೇಮಕದ ಆದೇಶವನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೇನೆ. ಇದುವರೆಗೆ ಯಾರೂ ಕೇಳಿಲ್ಲ.

ನನ್ನ ಕಸುಬು ಹಗರಿಬೊಮ್ಮನಹಳ್ಳಿ ಕಡೆಯ ಪ್ರೌಢಶಾಲೆಯೊಂದರಲ್ಲಿ ಮಕ್ಕಳಿಗೆ ಎಡಗಾಲು, ಬಲಗಾಲು ಹೇಳಿಕೊಡುವುದು. ಹುಟ್ಟಿ ಬೆಳೆದದ್ದು ಕೂಡ್ಲಿಗಿಯಲ್ಲಿ. ಅಲ್ಲಿ ನಾವು ನೀರು ಕಂಡದ್ದು ಕೊಡದಲ್ಲಿ, ಹೆಚ್ಚೆಂದರೆ ಟ್ಯಾಂಕರಿನಲ್ಲಿ. ಈಜು ಬಾರದು. ತುಂಗಭದ್ರೆ ಉಕ್ಕಿದ ಆ ಮಳೆಗಾಲದಲ್ಲಿ ಅಂಥವನನ್ನೇ ಹುಡುಕಿ ತೆಗೆದು, ಮಾಗಳದಿಂದ ಕೆಳಗಿದ್ದ ನಡುಗಡ್ಡೆಯೊಂದಕ್ಕೆ ನೋಡಲ್ ಅಧಿಕಾರಿಯನ್ನಾಗಿ ಮಾಡಿದರು. ಅಲ್ಲಿದ್ದ ನಲವತ್ತು ಮನೆಗಳ ಜನರನ್ನು ನೀರೇರುವ ಮೊದಲು ದೋಣಿಯಲ್ಲಿ ದಾಟಿಸಿ, ದಡದ ಶಾಲೆಯ ಗಂಜಿ ಕೇಂದ್ರಕ್ಕೆ ಮುಟ್ಟಿಸಬೇಕಿತ್ತು. 'ಜನ ಪೂರ್ತಿ ಖಾಲಿಯಾಗುವವರೆಗೆ ಸ್ಥಳ ಬಿಡತಕ್ಕದ್ದಲ್ಲ' ಎಂದು ಆದೇಶದ ಕೊನೆಯ ಸಾಲು ಹೇಳುತ್ತಿತ್ತು.

ಅಲ್ಪನಿಗೆ ಐಶ್ವರ್ಯ ಬಂದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ನಾನು ಕ್ರೀಡಾಕೂಟದ ಹ್ಯಾಟು ಹಾಕಿಕೊಂಡೆ, ಕೊರಳಿಗೆ ಸೀಟಿ ತೂಗುಬಿಟ್ಟೆ, ಕೈಯಲ್ಲಿ ಧ್ವನಿವರ್ಧಕ ಹಿಡಿದೆ. ಒಂದು ಪ್ಲಾಸ್ಟಿಕ್ ಕುರ್ಚಿಯನ್ನೂ ದೋಣಿಗೆ ಹಾಕಿಸಿಕೊಂಡೆ. ನಡುಗಡ್ಡೆಗೆ ಇಳಿಯುತ್ತಲೇ ಬೇವಿನ ಮರದ ಕೆಳಗಿದ್ದ ಮುದುಕನೊಬ್ಬ ಎದ್ದು ನಿಂತು, "ಲಾಟ್‌ಸಾಹೇಬ್ರು ಬಂದ್ರಲೇ, ಚಾ ತರ್ರಿ" ಎಂದ. ಅದನ್ನು ನಾನು ಗೌರವವೆಂದೇ ತಿಳಿದೆ.

ಚಹಾ ತಂದವಳು ಊರಮ್ಮನ ಗುಡಿಯ ಪೂಜಾರಿ ಅಜ್ಜಿಯ ಮೊಮ್ಮಗಳು. ತುಂಬು ಬಸುರಿ, ಚೊಚ್ಚಲು. ಹೆರಿಗೆಗೆಂದು ಅಜ್ಜಿಯ ಮನೆಗೆ ಬಂದವಳು. ನಡೆಯುವಾಗ ಸೊಂಟ ಹಿಡಿದುಕೊಳ್ಳುತ್ತಿದ್ದಳು.

"ನೀನು ಈಗಲೇ ದೋಣಿ ಹತ್ತವ್ವ" ಎಂದೆ.

"ಊರೆಲ್ಲಾ ಇಲ್ಲೇ ಐತ್ರಿ. ನಾನೊಬ್ಬಾಕಿ ಹೆಂಗ ಹೋಗ್ಲಿ? ಎಲ್ಲಾರು ಬಂದ್ರ ಬರ್ತೀನಿ" ಎಂದು ಒಳಗೆ ಹೋದಳು.

ಆಮೇಲೆ ಯಾವ ಸಮಸ್ಯೆಯನ್ನು ಯೋಚಿಸಿದರೂ ಆ ಹುಡುಗಿಯ ಸೊಂಟದ ಮೇಲಿನ ಕೈಯೇ ಕಣ್ಣ ಮುಂದೆ ಬರುತ್ತಿತ್ತು.

ಮೊದಲ ದಿನ ಅಕ್ಷರಾನುಕ್ರಮದ ಪಟ್ಟಿ ಮಾಡಿದೆ. ಹಾಜರಿ ಪುಸ್ತಕ ಬಿಟ್ಟರೆ ನನಗೆ ಬೇರೆ ರಾಜ್ಯಶಾಸ್ತ್ರ ಗೊತ್ತಿರಲಿಲ್ಲ. ಕೆಳಗಿನ ಓಣಿಯವರು, "ನಾವು ಮೊದಲ ಹೋದ್ರ ಮ್ಯಾಲಿನ ಓಣಿಯಾರು ನಮ್ಮ ಮನಿ ಕಾಯ್ತಾರೇನ್ರಿ?" ಎಂದರು. ಮೇಲಿನ ಓಣಿಯವರ ಪ್ರಶ್ನೆಯೂ ಅದೇ, ಓಣಿಯ ಹೆಸರು ಮಾತ್ರ ಬೇರೆ. ಕುರಿ ಸಾಕಿದವರು, ಕುರಿ ದಾಟದೆ ತಾವು ದಾಟುವುದಿಲ್ಲವೆಂದರು. ದೋಣಿಯವರು ಕುರಿ ಹತ್ತಿಸಿಕೊಳ್ಳುವುದಿಲ್ಲವೆಂದರು. ಆ ದಿನ ಹೊಳೆ ದಾಟಿದ್ದು ನನ್ನ ಖಾಲಿ ಊಟದ ಡಬ್ಬಿ ಒಂದೇ.

ಎರಡನೆಯ ದಿನ ತಾಲೂಕು ಕಚೇರಿಯಿಂದ ಗಂಟೆಗೊಂದು ಫೋನು. "ಎಷ್ಟು ಜನ ಖಾಲಿ?" "ಪ್ರಕ್ರಿಯೆ ಚಾಲ್ತಿಯಲ್ಲಿದೆ ಸಾರ್." ಮರದ ಕೆಳಗೆ ಜನ ಗುಂಪುಗೂಡಿ ನನ್ನ ಕಡೆ ನೋಡಿ ನಗುವುದು ಕಂಡು ಪಿತ್ತ ನೆತ್ತಿಗೇರಿತು. ಕುರ್ಚಿಯ ಮೇಲೆ ಹತ್ತಿ ನಿಂತು ಸೀಟಿ ಊದಿ, ಇನ್ನು ಮುಂದೆ ಐದು ಜನ ಒಂದೆಡೆ ಸೇರಕೂಡದೆಂದು ಸಾರಿದೆ. ಅಂಥ ಅಧಿಕಾರ ನನಗಿತ್ತೋ ಇಲ್ಲವೋ ಇಂದಿಗೂ ತಿಳಿಯದು.

ನನ್ನ ಆಳ್ವಿಕೆಯಲ್ಲಿ ಜನ ಅಕ್ಷರಶಃ ಪಾಲಿಸಿದ ಆದೇಶ ಅದೊಂದೇ. ನಾಲ್ವರು ನಿಂತಿದ್ದಲ್ಲಿಗೆ ತಿಳಿಹೇಳಲು ಹೋದರೆ, ಒಬ್ಬ ಕೈ ಮುಗಿದು ಜಾಗ ಖಾಲಿ ಮಾಡುತ್ತಿದ್ದ. "ನೀವು ಬಂದ್ರ ಐದು ಮಂದಿ ಆಕ್ಕೀವ್ರಿ ಸಾರ್." ಉಳಿದ ಮೂವರು ಅವನನ್ನು ಕರೆಯಲು ಹೋಗುತ್ತಿದ್ದರು. ಸಂಜೆಯವರೆಗೆ ಹೀಗೇ ಊರು ಸುತ್ತಿದೆ. ವರದಿಯಲ್ಲಿ 'ಸ್ಥಳೀಯರ ಅಸಹಕಾರ' ಎಂದು ಬರೆದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಮೂರನೆಯ ದಿನ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲು ಮುಳುಗಿತ್ತು. ಪೂಜಾರಿ ಅಜ್ಜಿ ನನ್ನ ಕುರ್ಚಿಯ ಮುಂದೆ ಬಂದು ನಿಂತಳು. ಕಣ್ಣು ಕೆಂಪಾಗಿದ್ದವು.

"ಮಂದಿನ್ನ ಗುಡಿ ಮುಂದ ಕೂಡಸ್ಬೇಕು" ಎಂದಳು.

"ಗುಂಪು ಸೇರುವಂತಿಲ್ಲ ಅಜ್ಜಿ. ಆದೇಶ ಇದೆ."

"ನೀ ಹಾಕಿದ್ದಲ್ಲೇನು? ನೀನ ತಗಿ. ಹೊಳಿ ನಿನ್ನ ಆದೇಶ ಕೇಳಂಗಿಲ್ಲ."

ಕುರ್ಚಿಯ ಒಂದು ಕಾಲು ಹಸಿ ನೆಲದಲ್ಲಿ ಹೂತು ನಾನು ವಾಲಿಕೊಂಡು ಕೂತಿದ್ದೆ. ಗತ್ತು ಬಿಡಲು ಮನಸ್ಸಿಲ್ಲ, ಹೆದರಿಕೆ ಮಾತ್ರ ಹೊಟ್ಟೆ ತುಂಬ. ಕೊನೆಗೆ ಧ್ವನಿವರ್ಧಕ ಎತ್ತಿ, ನಿನ್ನೆಯ ಆದೇಶ ವಾಪಸ್ ಎಂದೆ. ನಾನು ಮಾಡಿದ ಆಡಳಿತ ಅಷ್ಟೇ.

ಊರು ಗುಡಿಯ ಮುಂದೆ ಕೂಡಿತು. ಅಜ್ಜಿ ಹಣೆಗೆ ಭಂಡಾರ ಹಚ್ಚಿಕೊಂಡು ಹೊರಬಂದು, "ನಸುಕಿನ್ಯಾಗ ತಾಯಿ ಕನಸಿಗೆ ಬಂದಿದ್ಲು. ಇವತ್ತ ಹೊರಬೀಡು ಅಂದಾಳ" ಎಂದಳು.

ಹೊರಬೀಡು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ. ಆ ದಿನ ಒಲೆ ಆರಿಸಿ, ಮನೆಗೆ ಬೀಗ ಹಾಕಿ, ಊರಿಗೆ ಊರೇ ದನಕರುಗಳೊಂದಿಗೆ ಹೊರಗೆ ಹೋಗಿ ಅಡುಗೆ ಮಾಡಿಕೊಳ್ಳುತ್ತದೆ. ದಾರಿಗೆ ಮುಳ್ಳು ಬಡಿಯುತ್ತಾರೆ. ಖಾಲಿ ಊರಿನಲ್ಲಿ ತಾಯಿ ಒಬ್ಬಳೇ ಓಡಾಡುತ್ತಾಳೆ. ಆಗ ಒಳಗೆ ಕಾಲಿಡಲು ಕಳ್ಳನಿಗೂ ಧೈರ್ಯವಿಲ್ಲ. ಮನೆ ಕಾಯುವವರಾರು ಎಂದು ಎರಡು ದಿನ ನನ್ನನ್ನು ಕೇಳಿದ್ದರಲ್ಲ, ಉತ್ತರ ಗುಡಿಯೊಳಗೇ ಇತ್ತು. ಯಾರು ಮೊದಲು ಎಂಬುದಕ್ಕೂ ಅಲ್ಲಿನ ಹಿರಿಯರು ಹಾಕಿಟ್ಟ ಕ್ರಮವಿತ್ತು: ಬಸುರಿ, ಬಾಣಂತಿ, ಮಕ್ಕಳು, ಜೀವಧನ, ಆಮೇಲೆ ಎರಡೂ ಓಣಿ ಬೆರೆತು, ಕಟ್ಟಕಡೆಗೆ ಪೂಜಾರಿ.

ಮೊದಲ ದೋಣಿಯಲ್ಲಿ ಆ ಹುಡುಗಿ ಕೂತಳು. ದೋಣಿಯವರೂ ದೇವರ ಮಾತೆಂದು ತುಟಿ ಪಿಟಕ್ಕೆನ್ನದೆ ಕುರಿ ಹತ್ತಿಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ನಡುಗಡ್ಡೆಯಲ್ಲಿ ಉಳಿದದ್ದು ಅಜ್ಜಿ ಮತ್ತು ನಾನು.

"ಏಳು" ಎಂದಳು.

"ಜನ ಪೂರ್ತಿ ಖಾಲಿಯಾಗುವವರೆಗೆ ಸ್ಥಳ ಬಿಡತಕ್ಕದ್ದಲ್ಲ ಎಂದು..."

"ನೀ ಜನ ಅಲ್ಲೇನು?"

ಮೂರು ದಿನದಲ್ಲಿ ಅದು ನನಗೆ ಹೊಳೆದೇ ಇರಲಿಲ್ಲ. ಕುರ್ಚಿ ಬಿಟ್ಟು ಎದ್ದೆ. ಅಜ್ಜಿ ದಾರಿಗೆ ಜಾಲಿಮುಳ್ಳು ಎಳೆದು, ತಿರುಗಿ ನೋಡದೆ ದೋಣಿ ಹತ್ತಿದಳು. ಸಂಜೆಗೆ ನೀರು ಕೆಳಗಿನ ಓಣಿಯನ್ನು ನುಂಗಿತ್ತು. ಎರಡು ದಿನದ ಮೇಲೆ ಹಡಗಲಿಯ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು.

ವರದಿಯಲ್ಲಿ 'ಕೈಗೊಂಡ ಕ್ರಮಗಳು' ಎಂಬ ತಲೆಬರಹದಡಿ ಮೂರು ಪುಟ ಬರೆದೆ. ಮನವೊಲಿಕೆ, ಸಮನ್ವಯ, ಸಮಯಪ್ರಜ್ಞೆ, ಎಲ್ಲವೂ ಬಂದವು. ಅಜ್ಜಿ ಬರಲಿಲ್ಲ, ಕನಸಿಗೆ ಕಾಲಂ ಇರಲಿಲ್ಲ. ಸಮಾರಂಭವೊಂದರಲ್ಲಿ ನನಗೆ ಶಾಲು ಹೊದಿಸಿದರು. ಬಗ್ಗಿ ಹೊದಿಸಿಕೊಂಡೆ.

ಅದು ಮನೆಯಲ್ಲಿ ಕಣ್ಣಿಗೆ ಬಿದ್ದಾಗಲೆಲ್ಲ ನಾಚಿಕೆಯಾಗುತ್ತಿತ್ತು. ನೀರಿಳಿದ ಮೇಲೆ ಒಂದು ಭಾನುವಾರ ಶಾಲು ತೆಗೆದುಕೊಂಡು ನಡುಗಡ್ಡೆಗೆ ಹೋದೆ. ಅಜ್ಜಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದಳು. ಉಚ್ಚಂಗಿದುರ್ಗದಲ್ಲಿ ಬೆಟ್ಟದ ಮೇಲಿನ ಅಮ್ಮನ ಗುಡಿಯ ಮೆಟ್ಟಿಲುಗಳಿಗೆ ಒಂದೊಂದಕ್ಕೂ ಬಗ್ಗಿ ಕುಂಕುಮ ಹಚ್ಚಿ ಹತ್ತಿ ಬಂದಿದ್ದಳಂತೆ.

"ಯಾಕಜ್ಜಿ, ಈ ವಯಸ್ಸಿನಲ್ಲಿ?"

"ತಪ್ಪು ಕಾಣಿಕಿ ಒಪ್ಪಿಸಬೇಕಿತ್ತು" ಎಂದಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದಳು. "ಅವತ್ತ ರಾತ್ರಿಯೆಲ್ಲಾ ನೀರು ನೋಡಿಕೋತ ಕುಂತಿದ್ದೆ. ಕಣ್ಣ ಮುಚ್ಚಿಲ್ಲ. ಕನಸು ಎಲ್ಲಿಂದ ಬರ್ತೈತಿ?"

ಮೂರು ಪುಟ ಸುಳ್ಳು ಬರೆದ ನನಗೆ ಶಾಲು, ಒಂದು ಸುಳ್ಳು ಹೇಳಿದವಳಿಗೆ ಬೆಟ್ಟ. ಅವಳ ಕಾಲಿಗೆ ಬೀಳಬೇಕೆನಿಸಿತು. ಮೊಣಕಾಲು ಬಾತಿದ್ದವು, ಮುಟ್ಟಲು ಅಂಜಿದೆ. ಶಾಲು ಮುಂದೆ ಹಿಡಿದೆ. ಅವಳು ಅದನ್ನು ಮುಟ್ಟಲಿಲ್ಲ.

"ತಾಯಿ ಹೆಸರ್ಲೆ ಇನ್ನೊಂದ್ಸಲ ಸುಳ್ಳು ಹೇಳಂಗಿಲ್ಲ ನಾನು" ಎಂದಳು. "ಮುಂದಿನ ಮಳಿಗಾಲಕ್ಕ ನೀನ ಬಂದ್ರ, ಮಂದಿಗೆ ಏನು ಹೇಳ್ತಿ? ಈಗ್ಲೇ ಯೋಚನಿ ಮಾಡಿಟ್ಕ."

ಒಳಗೆ ಕೂಸು ಅತ್ತಿತು. ಅಜ್ಜಿ ಗೋಡೆ ಹಿಡಿದು ಎದ್ದಳು. ನಾನು ಶಾಲು ಹಿಡಿದುಕೊಂಡು ನಿಂತೇ ಇದ್ದೆ.