ದೊಡ್ಡಪ್ಪ ಬಿಚ್ಚಿದ ಬೋಲ್ಟು

ಬೀದಿಯ ತಿರುವಿನಲ್ಲಿ ಕೇಳಿದ ಸದ್ದಿನಿಂದಲೇ ಯಾರ ಗಾಡಿ ಬಂತೆಂದು ಹೇಳಬಹುದಾಗಿದ್ದ ಕಾಲ ಅದು. ಮಂಡಿ ಮೊಹಲ್ಲಾದ ಮಕ್ಕಳು ಅದನ್ನೇ ಆಟ ಮಾಡಿಕೊಂಡಿದ್ದೆವು. ಕಣ್ಣು ಮುಚ್ಚಿ ಹೆಸರು ಹೇಳಬೇಕು, ತಪ್ಪಿದವರು ಒಂದು ಕಡಲೆಮಿಠಾಯಿ ಕೊಡಬೇಕು. ನಮ್ಮಪ್ಪನ ಬುಲೆಟ್ಟಿನ ವಿಷಯದಲ್ಲಿ ನಾನು ಒಮ್ಮೆಯೂ ಸೋತವಳಲ್ಲ.

ಅಪ್ಪ ಲೇತ್ ಕೆಲಸದವರು. ಭಾನುವಾರ ಗಾಡಿಯ ಪಕ್ಕ ನನ್ನನ್ನು ಮಣೆ ಹಾಕಿ ಕೂರಿಸಿಕೊಂಡು, "ಸ್ಪ್ಯಾನರ್ ಕೊಡು ಮಗಾ" ಎಂದು ತಿರುಗಿ ನೋಡದೆ ಕೈ ಚಾಚುತ್ತಿದ್ದರು. "ಕೆಳಗಿರೋ ದೊಡ್ಡ ಬೋಲ್ಟು ಇಂಜಿನ್ ಆಯಿಲ್‌ದು. ಎಡಗಡೆ ಚಿಕ್ಕದು ಕ್ಲಚ್‌ದು. ಎರಡೂ ಬೇರೆ ಬೇರೆ ಹೊಟ್ಟೆ ಕಣಮ್ಮ." ಕ್ಲಚ್ ಕಡೆಯ ಆಯಿಲ್ ಅರ್ಧ ಲೀಟರೂ ಇರುವುದಿಲ್ಲ, ಅದಕ್ಕೆ ಸೀದ ವಾಸನೆ ಇರುತ್ತದೆ ಎಂಬುದೆಲ್ಲ ನನಗೆ ಮಗ್ಗಿಗಿಂತ ಚೆನ್ನಾಗಿ ಬರುತ್ತಿತ್ತು.

ನನಗೆ ಹನ್ನೊಂದಾಗಿದ್ದಾಗ ಅಪ್ಪನ ಕಾಲು ಮುರಿಯಿತು. "ನಿಲ್ಸಿದ್ರೆ ಗಾಡಿ ಕೆಡುತ್ತೆ. ನೀನು ಓಡಾಡೋವರೆಗೆ ನಾನು ಓಡಿಸ್ತಿರ್ತೀನಿ" ಎಂದು ದೊಡ್ಡಪ್ಪ ಅದನ್ನು ಸಿದ್ಧಾರ್ಥನಗರದ ತಮ್ಮ ಮನೆಗೆ ಒಯ್ದರು. ಅಪ್ಪ ಸ್ವಲ್ಪ ಕುಂಟುತ್ತಲಾದರೂ ಓಡಾಡತೊಡಗಿದರು. ಗಾಡಿ ಮಾತ್ರ ಬರಲಿಲ್ಲ. ಅಣ್ಣನನ್ನು ಬಾಯಿಬಿಟ್ಟು ಕೇಳುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಅದಕ್ಕೇ ಅವರೆಕಾಯಿ ಕಾಲದ ಒಂದು ಭಾನುವಾರ ಅಪ್ಪ ನೆಪ ಹೂಡಿ ನನ್ನನ್ನು ಕಳಿಸಿದರು. "ಕ್ಲಚ್ ಆಯಿಲ್ ಬದಲಾಯಿಸೋ ಟೈಮಾಯ್ತಂತೆ, ಗಾಡಿ ತಂದ್ಬುಡಬೇಕಂತೆ ಅನ್ನು. ಒಂದ್ಸಲ ಮನೆಗೆ ಬಂದ್ರೆ ಸಾಕು."

ದೊಡ್ಡಪ್ಪ ನಕ್ಕರು. "ಅದಕ್ಕೆ ಅವನೇ ಬೇಕೇನೆ? ನಾನೇ ಮಾಡ್ತೀನಿ."

ಅಂಗಡಿಯಿಂದ ಅರ್ಧ ಲೀಟರಿನ ಡಬ್ಬ ತಂದು, ಲುಂಗಿ ಎತ್ತಿ ಕಟ್ಟಿ, ಗಾಡಿಯ ಕೆಳಗಿನ ದೊಡ್ಡ ಬೋಲ್ಟಿಗೆ ಸ್ಪ್ಯಾನರ್ ಇಟ್ಟರು.

"ಅದಲ್ಲ ದೊಡ್ಡಪ್ಪ, ಅದು ಇಂಜಿನ್‌ದು."

"ಓಗೇ, ಅವರೆಕಾಯಿ ಬುಡಿಸೋಗು. ಆ ಕುಂಟ ನಿಂಗೆ ಮೆಕ್ಯಾನಿಕ್ ಕೆಲ್ಸ ಬೇರೆ ಕಲಿಸ್ಬುಟ್ನಾ?"

ಜಗಲಿಯಲ್ಲಿ ಕೂತಿದ್ದವರೆಲ್ಲ ನಕ್ಕರು. ನನ್ನ ಮೈ ಉರಿದುಹೋಯಿತು. ದೊಡ್ಡಮ್ಮನ ಮೊರದ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಾ ಎಲ್ಲವನ್ನೂ ನೋಡಿದೆ. ಆಯಿಲ್ ಬಂತು, ಬರುತ್ತಲೇ ಇತ್ತು, ತಟ್ಟೆ ತುಂಬಿ ಹರಿಯಿತು. ಅಷ್ಟಾದರೂ ಅವರಿಗೆ ಅನುಮಾನ ಬರಲಿಲ್ಲ. ಬೋಲ್ಟನ್ನು ಬಿಗಿ ಮಾಡಿ, ಹೊಸ ಆಯಿಲನ್ನು ಎಡಗಡೆ ಕ್ಲಚ್ಚಿನ ಬಾಯಿಗೆ ಸುರಿದರು. ಹಳೆಯದು ಅಲ್ಲಿ ಹಾಗೇ ಇತ್ತಲ್ಲ, ಒಂದು ಗುಟುಕು ಬೀಳುತ್ತಲೇ ಉಕ್ಕಿತು. "ನೋಡ್ದಾ? ಫುಲ್!" ಎಂದರು.

"ಹ್ಞೂಂ ದೊಡ್ಡಪ್ಪ" ಎಂದೆ. ಬೆರಳಿಗೆ ಅಂಟಿದ ಅವರೆಯ ಸೊಗಡು ಮೂಸಿಕೊಂಡು ಒಳಗೊಳಗೇ ಕುಣಿದೆ.

ಸೋಮವಾರ ಬೆಳಿಗ್ಗೆ ಹೆಬ್ಬಾಳದ ಫ್ಯಾಕ್ಟರಿಗೆ ಹೋಗುವಾಗ ಇಂಜಿನ್ ಆಯಿಲಿಲ್ಲದೆ ಕಾದು ನಡುರಸ್ತೆಯಲ್ಲಿ ಕಚ್ಚಿಕೊಂಡು ನಿಂತಿತು. ಶಿಫ್ಟ್ ಬಸ್ಸಿನವರು ಕಿಟಕಿಯಿಂದ ನೋಡುತ್ತಿರುವಾಗ, ಇಸ್ತ್ರಿ ಮಾಡಿದ ಅಂಗಿಯಲ್ಲಿ ದೊಡ್ಡಪ್ಪ ಅಷ್ಟು ಭಾರದ ಗಾಡಿಯನ್ನು ತಳ್ಳಿದರಂತೆ. ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ತಣ್ಣಗಾಗುತ್ತದೆ. ನಾಚಿಕೆಯೇನೂ ಇಲ್ಲ. ಸಂಜೆ ಗೂಡ್ಸ್ ಆಟೋದಲ್ಲಿ ಬುಲೆಟ್ ನಮ್ಮ ಮನೆಗೆ ಬಂತು. "ದರಿದ್ರ ಗಾಡಿ, ನೀನೇ ಇಟ್ಕೊ" ಎಂದು ಹೇಳಿ ಕಳಿಸಿದ್ದರು.

ಗೆದ್ದೆ ಎಂದು ಓಡಿಹೋಗಿ ಮಣೆ ಹಾಕಿಕೊಂಡು ಕೂತೆ. ಅಪ್ಪ ಎರಡೂ ಬೋಲ್ಟು ಬಿಚ್ಚಿದರು. ಇಂಜಿನ್ನಿನಿಂದ ನಾಲ್ಕು ಹನಿ ಬಿತ್ತು. ಕ್ಲಚ್ ಕಡೆಯಿಂದ ಸೀದ ವಾಸನೆಯ ಆಯಿಲ್ ಧಾರಾಳವಾಗಿ ಬಂತು.

"ಅವ್ರು ಬಿಚ್ಚುವಾಗ ನೀನು ಅಲ್ಲೇ ಇದ್ಯಾ ಮಗಾ?"

"ಒಂದ್ಸಲ ಹೇಳ್ದೆ ಅಪ್ಪ. ನಿಮ್ಮನ್ನ ಕುಂಟ ಅಂದ್ರು. ಆಮೇಲೆ ಹೇಳ್ಲಿಲ್ಲ."

"ಗಾಡಿ ಏನ್ ಮಾಡಿತ್ತಮ್ಮಾ?" ಎಂದರು ಅಪ್ಪ. ಅಷ್ಟೇ. ಬೈಯಲಿಲ್ಲ.

ಪಿಸ್ಟನ್ನು, ಸಿಲಿಂಡರು ಎಲ್ಲ ಬದಲಾಗಿ ಗಾಡಿ ಮತ್ತೆ ಓಡಿತು, ಆದರೆ ಸದ್ದು ಹಳೆಯದಾಗಿರಲಿಲ್ಲ. ಅದು ತಿರುವಿಗೆ ಬಂದ ಮೊದಲ ದಿನವೇ ನಾನು ಕಣ್ಣು ಮುಚ್ಚಿ ಬೇರೆ ಯಾರದೋ ಹೆಸರು ಹೇಳಿ ಕಡಲೆಮಿಠಾಯಿ ಕಳೆದುಕೊಂಡೆ.

ಈಗ ಬೀದಿ ತುಂಬ ಗಾಡಿಗಳು, ಯಾವ ಸದ್ದು ಯಾರದೆಂದು ಯಾರಿಗೂ ತಿಳಿಯದು. ದೊಡ್ಡಪ್ಪನನ್ನು ನಾನು ಇನ್ನೂ ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಇಲ್ಲ. ಅಪ್ಪ ಈಗಲೂ ಭಾನುವಾರ ಗಾಡಿಯ ಮುಂದೆ ಕೂರುತ್ತಾರೆ. ನಾನು ಪಕ್ಕದಲ್ಲೇ ಇರುತ್ತೇನೆ. ಸ್ಪ್ಯಾನರ್ ಬೇಕಾದಾಗ ಅವರು ಮೊಣಕಾಲು ಹಿಡಿದುಕೊಂಡು ಏಳುತ್ತಾರೆ, ಕುಂಟುತ್ತಾ ಹೋಗಿ ತಾವೇ ತಂದುಕೊಳ್ಳುತ್ತಾರೆ.